ದ್ಯೂತಸಭೆಯ ಅಧ್ಯಕ್ಷನನ್ನು ಕಾಯುವವರಾರು?

ಸಭಾಪರ್ವದ ದ್ಯೂತಪ್ರಸಂಗವನ್ನು ಓದಿದವರೆಲ್ಲರೂ ಶಕುನಿಯ ಕಪಟವನ್ನು ನಿಂದಿಸುತ್ತಾರೆ. ಆದರೆ ಆ ಸಭೆಯಲ್ಲಿ ನಡೆದ ಅಧರ್ಮಕ್ಕೆ ಶಕುನಿಯೊಬ್ಬನೇ ಹೊಣೆಯೆ? ದಾಳವನ್ನು ಉರುಳಿಸಿದವನು ಅವನು ನಿಜ. ಸಭೆಯನ್ನು ಕಟ್ಟಿಸಿದವನೂ, ಪಾಂಡವರಿಗೆ ಕರೆಯನ್ನು ಕಳುಹಿಸಿದವನೂ, ಉಭಯಪಕ್ಷಗಳಿಗೂ ಸಮನಾಗಿ ಕುಳಿತಿರಬೇಕಾಗಿದ್ದವನೂ ಧೃತರಾಷ್ಟ್ರನು. ದ್ರೌಪದಿಯನ್ನು ಪಣಕ್ಕೆ ಒಡ್ಡಿದ ಸಮಯದಲ್ಲಿ, ತನ್ನ ಪಕ್ಷಕ್ಕೆ ಗೆಲುವಾಯಿತೆ ಎಂದು ಆತುರದಿಂದ ವಿಚಾರಿಸಿದವನೂ ಅವನೇ. ಆಟಗಾರನು ಮಾಡುವ ಮೋಸವು ಆಟದೊಳಗಿನ ದೋಷ. ಆಟವನ್ನು ನಡೆಯಿಸುವವನು ಮಾಡುವ ಮೋಸವಾದರೋ ಆಟದ ಬುಡಕ್ಕೇ ಬೀಳುವ ಕೊಡಲಿಯೇಟು. ಮೊದಲನೆಯದನ್ನು ತೀರ್ಪುಗಾರನ ಮುಂದೆ ಹೇಳಿಕೊಳ್ಳಬಹುದು. ಎರಡನೆಯದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಪ್ರಾಚೀನರು ಈ ಕಷ್ಟವನ್ನು ಅರಿಯದವರಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗರಿಗಳಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ೧೯೦೫ರಲ್ಲಿ ದೊರೆತು, ೧೯೦೯ರಲ್ಲಿ ಅಚ್ಚಾಗಿ ವಿದ್ವಲ್ಲೋಕಕ್ಕೆ ತಿಳಿದುಬಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಕ್ಕೆಂದೇ ಒಂದು ಪ್ರಕರಣವುಂಟು. ಜೂಜು ಒಂದೇ ಸ್ಥಳದಲ್ಲಿ ದ್ಯೂತಾಧ್ಯಕ್ಷನ ಕಣ್ಣೆದುರಿನಲ್ಲಿ ನಡೆಯತಕ್ಕದ್ದು. ಬೇರೆಡೆಯಲ್ಲಿ ಆಡಿದವನಿಗೆ ೧೨ ಪಣ ದಂಡ. ದಾಳಗಳನ್ನು ಅಧ್ಯಕ್ಷನ ಕಡೆಯವರೇ ಇಡತಕ್ಕದ್ದು. ಅವುಗಳನ್ನು ಮರೆಯಲ್ಲಿ ಬದಲಾಯಿಸಿದವನಿಗೂ ೧೨ ಪಣ ದಂಡ. ಗೆದ್ದ ದ್ರವ್ಯದಲ್ಲಿ ನೂರಕ್ಕೆ ೫ರಂತೆ ಅಧ್ಯಕ್ಷನಿಗೆ ಸಲ್ಲತಕ್ಕದ್ದು. ದಾಳವು ಆಟಗಾರನ ಸೊತ್ತಾಗಿರಕೂಡದು, ಸಭೆಯ ಸೊತ್ತಾಗಿರಬೇಕು ಎಂಬುದೇ ಈ ವಿಧಿಗಳ ತಿರುಳು. ಅದೇ ಗ್ರಂಥದ ಮತ್ತೊಂದು ಭಾಗದಲ್ಲಿ, ಅಧಿಕಾರಿಗಳು ರಾಜದ್ರವ್ಯವನ್ನು ಅಪಹರಿಸುವ ೪೦ ಉಪಾಯಗಳನ್ನು ಒಂದೊಂದಾಗಿ ಎಣಿಸಿದೆ. ದಾಳವನ್ನು ಅಧ್ಯಕ್ಷನ ಕೈಗೆ ಒಪ್ಪಿಸಿದ ಗ್ರಂಥಕಾರನೇ ಅಧ್ಯಕ್ಷವರ್ಗವನ್ನು ಸಂಶಯದ ಕಣ್ಣಿನಿಂದ ನೋಡಿದನೆಂಬುದು ಗಮನಾರ್ಹವಾದ ಸಂಗತಿ.

ಇಂತಹ ಹಳೆಯ ಪ್ರಶ್ನೆಯು ಈಗಿನ ಕಾಲದಲ್ಲಿ ಹೊಸ ವೇಷವನ್ನು ಧರಿಸಿ ಬಂದಿದೆ. ಅಂತರ್ಜಾಲದ ಮೂಲಕ ಸಹಸ್ರಾರು ಜನರು ತಮ್ಮ ತಮ್ಮ ಮನೆಗಳಲ್ಲಿಯೇ ಕುಳಿತು ಒಟ್ಟಿಗೆ ಆಡುವ ಆಟಗಳು ಲೋಕದಲ್ಲೆಲ್ಲ ಹಬ್ಬಿವೆ. ಪಗಡೆಯ ದಾಳವನ್ನಾದರೆ ಆಟಗಾರನು ಕೈಯಲ್ಲಿ ಹಿಡಿದು ತೂಗಿ ನೋಡಬಹುದು. ಅಂತರ್ಜಾಲದ ಆಟದಲ್ಲಿ ದಾಳವೂ, ಹಾಸೂ, ಕಾಯಿಗಳೂ, ಗೆಲುವುಸೋಲಿನ ಕಡತವೂ ಎಲ್ಲವೂ ಕಂಪನಿಯ ಸರ್ವರ್ ಎಂಬ ಕಂಪ್ಯೂಟರಿನಲ್ಲಿ ಅಡಗಿರುತ್ತವೆ. ದಾಳವನ್ನು ಮಾಡುವ ಬಡಗಿ, ಸಭೆಯ ಒಡೆಯ, ತೀರ್ಪುಗಾರ, ಲೆಕ್ಕ ಬರೆಯುವ ಕರಣಿಕ — ಈ ನಾಲ್ವರ ಅಧಿಕಾರವೂ ಒಂದೇ ಸಂಸ್ಥೆಯ ನೌಕರರ ಕೈಯಲ್ಲಿ ಕೂಡಿಕೊಂಡಿರುತ್ತದೆ.

ಈ ಆಟಗಳ ಮೂಲಪುರುಷನೆನಿಸಿದ 'ಮಡ್' ಎಂಬ ಆಟವು ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿತು. ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದರ ಕರ್ತೃಗಳು. ಚಿತ್ರಗಳಿಲ್ಲದೆ ಅಕ್ಷರಗಳಿಂದಲೇ ನಡೆಯುತ್ತಿದ್ದ ಆ ಆಟದಲ್ಲಿ, ಸಾಕಷ್ಟು ಅಂಕಗಳನ್ನು ಗಳಿಸಿದವನು 'ವಿಜರ್ಡ್', ಎಂದರೆ ಮಾಂತ್ರಿಕನೆಂಬ ಪದವಿಗೆ ಏರುತ್ತಿದ್ದನು. ಇತರ ಆಟಗಾರರ ಮೇಲೆ ಅವನಿಗೆ ಅಸಾಮಾನ್ಯವಾದ ಶಕ್ತಿಗಳು ಬರುತ್ತಿದ್ದವು. ೧೯೯೦ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ ಪಾವೆಲ್ ಕರ್ಟಿಸ್ ಎಂಬವರು ಸ್ಥಾಪಿಸಿದ 'ಲ್ಯಾಂಬ್ಡಾಮೂ' ಎಂಬ ಅಕ್ಷರಪ್ರಪಂಚದಲ್ಲಿಯೂ ಆಡಳಿತಗಾರರಿಗೆ ಇದೇ ಹೆಸರು. ಜನರ ಜಗಳಗಳಿಂದ ಬೇಸತ್ತ ಆ ಮಾಂತ್ರಿಕರು ೧೯೯೨ರ ಡಿಸೆಂಬರಿನಲ್ಲಿ, ತಾವು ಇನ್ನು ಮೇಲೆ ಯಂತ್ರದ ಕೆಲಸವನ್ನಷ್ಟೇ ನೋಡಿಕೊಳ್ಳುವೆವೆಂದೂ, ನಿವಾಸಿಗಳ ವ್ಯವಹಾರದಲ್ಲಿ ತೀರ್ಪು ಕೊಡಲಾರೆವೆಂದೂ ಪ್ರಕಟಿಸಿದರು. ಮರುವರ್ಷವೇ ಒಂದು ದುರಾಚಾರದ ಪ್ರಸಂಗವೊದಗಿ, ಅರ್ಜಿ ಮತ್ತು ಮತದಾನಗಳ ಏರ್ಪಾಡನ್ನು ಮಾಡಬೇಕಾಯಿತು. ೧೯೯೬ರಲ್ಲಿ ಮಾಂತ್ರಿಕರು, ಯಂತ್ರದ ಕೆಲಸವನ್ನು ಜನರ ವ್ಯವಹಾರದಿಂದ ಬೇರ್ಪಡಿಸಲು ಸಾಧ್ಯವಿಲ್ಲವೆಂದು ಒಪ್ಪಿಕೊಂಡು ತಮ್ಮ ಅಧಿಕಾರವನ್ನು ಮರಳಿ ವಹಿಸಿಕೊಂಡರು. ಅಧಿಕಾರವುಳ್ಳವನು ಕೈಕಟ್ಟಿ ಕುಳಿತ ಮಾತ್ರಕ್ಕೆ ಅವನ ಹೊಣೆಯು ತೀರಲಾರದೆಂಬುದಕ್ಕೆ ಇದು ಮೊದಲ ನಿದರ್ಶನ.

ಆದರೆ ಪ್ರಶ್ನೆಯು ಪೂರ್ಣರೂಪದಲ್ಲಿ ಕಾಣಿಸಿಕೊಂಡದ್ದು ಐಸ್‌ಲೆಂಡ್ ದ್ವೀಪದ ಒಂದು ಆಟದಲ್ಲಿ. ಅಲ್ಲಿಯ ರಾಜಧಾನಿಯಾದ ರೇಕ್ಯಾವಿಕ್ ನಗರದಲ್ಲಿ ೧೯೯೭ರಲ್ಲಿ ಹುಟ್ಟಿದ ಸಿ.ಸಿ.ಪಿ. ಎಂಬ ಕಂಪನಿಯು ೨೦೦೩ರ ಮೇ ತಿಂಗಳಿನಲ್ಲಿ 'ಈವ್ ಆನ್‌ಲೈನ್' ಎಂಬ ಆಟವನ್ನು ಆರಂಭಿಸಿತು. ನಕ್ಷತ್ರಗಳ ನಡುವೆ ನೌಕೆಗಳನ್ನು ನಡೆಯಿಸಿ, ಗಣಿ ತೋಡಿ, ವ್ಯಾಪಾರ ಮಾಡಿ, ಯುದ್ಧ ಹೂಡುವುದು ಅದರ ವಸ್ತು. ಬೇರೆ ಆಟಗಳಲ್ಲಿ ಜನರನ್ನು ಅನೇಕ ಪ್ರತ್ಯೇಕ ಪ್ರಪಂಚಗಳಿಗೆ ಹಂಚಿಬಿಡುವುದು ವಾಡಿಕೆ. ಈ ಆಟದಲ್ಲಿ ಬಹುಮಟ್ಟಿಗೆ ಎಲ್ಲರೂ ಒಂದೇ ಪ್ರಪಂಚದ ನಿವಾಸಿಗಳು. ಅಲ್ಲಿಯ ನೌಕೆಗಳಲ್ಲಿ ಬಹುಪಾಲನ್ನು ಆಟಗಾರರೇ ಅದಿರನ್ನು ತೆಗೆದು, ಮೂಲನಕ್ಷೆಯನ್ನು ಇಟ್ಟುಕೊಂಡು ನಿರ್ಮಿಸುತ್ತಾರೆ. ತಿಂಗಳುಗಟ್ಟಲೆ ದುಡಿದು ಕಟ್ಟಿದ ನೌಕೆಯು ಯುದ್ಧದಲ್ಲಿ ನಾಶವಾದರೆ ಮತ್ತೆ ಬರುವುದಿಲ್ಲ. ಆದುದರಿಂದ ಅಲ್ಲಿಯ ಲಾಭನಷ್ಟಗಳು ಆಡುವವರ ಮನಸ್ಸಿಗೆ ಆಟವೆಂದು ತೋರುವುದಿಲ್ಲ.

ಆ ಪ್ರಪಂಚದ ನಿಯಮಗಳು ಕಠಿಣವಾದವು. ಆಟಗಾರರು ಒಬ್ಬರನ್ನೊಬ್ಬರು ವಂಚಿಸುವುದು ಅಲ್ಲಿ ನಿಷಿದ್ಧವಲ್ಲ. ೨೦೦೫ರ ಏಪ್ರಿಲಿನಲ್ಲಿ ಕೂಲಿಗೆ ಕೆಲಸಮಾಡುವ ಒಂದು ತಂಡದವರು, ವರ್ಷದಷ್ಟು ಕಾಲ ಎದುರಾಳಿಯ ಸಂಘದಲ್ಲಿ ಸೇರಿಕೊಂಡಿದ್ದು, ಅಲ್ಲಿಯ ಮುಖ್ಯರ ವಿಶ್ವಾಸವನ್ನು ಸಂಪಾದಿಸಿ, ಗೊತ್ತುಮಾಡಿದ ದಿನದಲ್ಲಿ ನಾಯಕಿಯ ನೌಕೆಯನ್ನು ಕೆಡವಿ ಉಗ್ರಾಣಗಳನ್ನೆಲ್ಲ ಸೂರೆಮಾಡಿದರು. ಸೂರೆಯಾದ ಸೊತ್ತಿನ ಬೆಲೆ ೧೬,೦೦೦ ಅಮೆರಿಕನ್ ಡಾಲರುಗಳನ್ನು ಮೀರುವುದೆಂದು ಪತ್ರಿಕೆಗಳು ಆಗ ಲೆಕ್ಕಹಾಕಿದವು. ಕಂಪನಿಯು ಕೈಹಾಕಲಿಲ್ಲ. ಸೋತವರು ಸಂಕಟಪಟ್ಟರೂ, ಅದು ಆಟದ ಮರ್ಯಾದೆಯೊಳಗೇ ನಡೆದುದೆಂಬುದನ್ನು ಜನಸಾಮಾನ್ಯವು ಒಪ್ಪಿತು. ಗೂಢಚಾರರ ಕತೆಗಳನ್ನು ಓದುವ ಕುತೂಹಲದಿಂದಲೇ ಅನೇಕರು ಆ ವೃತ್ತಾಂತವನ್ನು ಓದಿದರು.

ಇಷ್ಟು ಗಟ್ಟಿ ಮನಸ್ಸಿನ ಜನರು ೨೦೦೭ರ ಫೆಬ್ರವರಿಯಲ್ಲಿ ಕೆರಳಿ ಎದ್ದರು. ಆ ಆಟದಲ್ಲಿ ಮೇಲ್ತರದ ನೌಕೆಗಳ ಮೂಲನಕ್ಷೆಗಳನ್ನು ಕಂಪನಿಯು ಚೀಟಿ ಎತ್ತುವ ಕ್ರಮದಿಂದ ಕೆಲವರಿಗೆ ಮಾತ್ರ ಹಂಚಿತ್ತು. ಅಂತಹ ನಕ್ಷೆಯೊಂದು ಕೈಗೆ ಬಂದವನು ಆ ನೌಕೆಯನ್ನು ಕಡಿಮೆ ವೆಚ್ಚದಲ್ಲಿ ಎಷ್ಟಾದರೂ ಕಟ್ಟಬಹುದಾಗಿತ್ತು. ಆಟದಲ್ಲಿ 'ಟಿ-೨೦' ಎಂಬ ಹೆಸರಿನಿಂದ ಪ್ರಸಿದ್ಧನಾಗಿದ್ದ ಕಂಪನಿಯ ನೌಕರನೊಬ್ಬನು, ತಾನು ಸಾಮಾನ್ಯ ಆಟಗಾರನಂತೆ ಸೇರಿಕೊಂಡಿದ್ದ 'ಬ್ಯಾಂಡ್ ಆಫ್ ಬ್ರದರ್ಸ್' ಎಂಬ ಬಲಿಷ್ಠ ಪಕ್ಷಕ್ಕೆ ಅನುಕೂಲವಾಗುವಂತೆ, ಸೇಬರ್ ಎಂಬ ಯುದ್ಧನೌಕೆಯ ನಕ್ಷೆಯೇ ಮೊದಲಾದ ಕೆಲವನ್ನು ತನ್ನ ಅಧಿಕಾರಬಲದಿಂದ ಸೃಷ್ಟಿಸಿಕೊಂಡಿದ್ದನು. ಇದನ್ನು ಹೊರಗೆಡಹಿದವನು ಒಬ್ಬ ಆಟಗಾರ. ನೌಕರನು ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡನು. ಆದರೆ ಅವನನ್ನು ಕೂಡಲೇ ಕೆಲಸದಿಂದ ತೆಗೆಯಲಿಲ್ಲ. ಇತರರ ಖಾಸಗಿ ವಿವರಗಳನ್ನು ಬಯಲುಮಾಡಿ ನಿಯಮ ಮೀರಿದನೆಂದು ಹೊರಗೆಡಹಿದವನೇ ಆಟದಿಂದ ಬಹಿಷ್ಕೃತನಾದನು. ಕುರುಸಭೆಯಲ್ಲಿ ನ್ಯಾಯದ ಮಾತನ್ನಾಡಿದ ವಿಕರ್ಣನನ್ನು ಕರ್ಣನು ಗದರಿಸಿ ಕೂರಿಸಿದ ಸಂಗತಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ವರ್ಷವಿಡೀ ನಡೆದ ವಿಶ್ವಾಸಘಾತವನ್ನು ಸಹಿಸಿದ ಜನರು ಕೆಲವು ನಕ್ಷೆಗಳಿಗಾಗಿ ಏಕೆ ಇಷ್ಟು ಕುಪಿತರಾದರು? ಇದರಲ್ಲಿ ಅಸಂಗತಿಯೇನೂ ಇಲ್ಲ. ಗೂಢಚಾರನು ವರ್ಷದ ಶ್ರಮವನ್ನು ವ್ಯಯಮಾಡಿದನು. ಸಿಕ್ಕಿಬಿದ್ದರೆ ತಾನು ಕಳೆದುಕೊಳ್ಳುವುದಕ್ಕೂ ಸಿದ್ಧನಾಗಿದ್ದನು. ಎದುರಾಳಿಗಳು ಎಚ್ಚರವಾಗಿದ್ದರೆ ಅವನನ್ನು ತಡೆಯಬಹುದಾಗಿತ್ತು. ನೌಕರನಾದರೋ ಯಾವ ಅಪಾಯಕ್ಕೂ ಒಡ್ಡಿಕೊಳ್ಳದೆ, ಯಾರ ಎಚ್ಚರಕ್ಕೂ ನಿಲುಕದ ದಾರಿಯಿಂದ ಬಂದನು. ಅವನ ಕೃತ್ಯವು ತಿಳಿದುಬಂದೊಡನೆ ಹಿಂದಿನ ಪ್ರತಿಯೊಂದು ಯುದ್ಧದ ಫಲವೂ ಸಂಶಯಕ್ಕೆ ಗುರಿಯಾಯಿತು. ಗೆದ್ದ ಪಕ್ಷದಲ್ಲಿದ್ದು ಪ್ರಾಮಾಣಿಕವಾಗಿ ಶ್ರಮಪಟ್ಟ ನೂರಾರು ಜನರ ಗೆಲುವಿಗೂ ಕಳಂಕ ತಗುಲಿತು. ನಕ್ಷೆಗಳ ಬೆಲೆಗಿಂತ ಈ ನಷ್ಟವು ದೊಡ್ಡದು.

ಅದೇ ೨೦೦೭ರಲ್ಲಿ, ನಿಜವಾದ ಹಣವನ್ನೇ ಒಡ್ಡುವ ಮತ್ತೊಂದು ಅಂತರ್ಜಾಲದ ಆಟದಲ್ಲಿ ಇದಕ್ಕಿಂತ ಘೋರವಾದ ಪ್ರಕರಣವು ಹೊರಬಿದ್ದಿತು. ಪೋಕರ್ ಎಂಬ ಇಸ್ಪೀಟಿನ ಆಟದಲ್ಲಿ ಎದುರಾಳಿಯ ಎಲೆಗಳು ಕಾಣದಿರುವುದೇ ಆಟದ ಜೀವ. ಕೋಸ್ಟರೀಕಾ ದೇಶದಿಂದ ನಡೆಯುತ್ತಿದ್ದ 'ಆಬ್ಸಲ್ಯೂಟ್ ಪೋಕರ್' ಎಂಬ ಸಂಸ್ಥೆಯ ಪಂದ್ಯವೊಂದು ಸೆಪ್ಟೆಂಬರಿನಲ್ಲಿ ನಡೆದಾಗ, ಗೆದ್ದವನ ಆಟದ ರೀತಿಯು ಇತರರಿಗೆ ಅಸಹಜವಾಗಿ ಕಂಡಿತು. ಎರಡನೆಯ ಸ್ಥಾನಕ್ಕೆ ಬಂದವನು ಆಟದ ದಾಖಲೆಯನ್ನು ಕೇಳಿದನು. ಸಂಸ್ಥೆಯವರು ಕಳುಹಿಸಿದ ಕಡತದಲ್ಲಿ, ಅವರು ಉದ್ದೇಶಿಸಿರಲಾರದಷ್ಟು ವಿವರಗಳಿದ್ದವು: ಎಲ್ಲರ ಮುಚ್ಚಿದ ಎಲೆಗಳೂ, ಆಟವನ್ನು ನೋಡುತ್ತಿದ್ದ ಪ್ರೇಕ್ಷಕರ ಸಂಖ್ಯಾಗುರುತುಗಳೂ ಅದರಲ್ಲಿ ದಾಖಲಾಗಿದ್ದವು. ಆಟಗಾರರು ಅದನ್ನು ಸಾಲುಸಾಲಾಗಿ ಪರಿಶೀಲಿಸಿದರು. ಒಬ್ಬ ಪ್ರೇಕ್ಷಕನು ಆ ಮೇಜಿಗೆ ಬಂದು ಸೇರಿದ ಕ್ಷಣದಿಂದ, ಗೆದ್ದವನು ಎಲ್ಲರ ಎಲೆಗಳನ್ನೂ ಕಂಡವನಂತೆ ಆಡಿದ್ದನೆಂದು ತಿಳಿದುಬಂದಿತು. ಪ್ರೇಕ್ಷಕನ ಜಾಡು ಸಂಸ್ಥೆಯ ಒಳಗಿನವರ ಕಡೆಗೇ ಹೋಯಿತು. ಮೊದಲು ಎಲ್ಲವನ್ನೂ ಅಲ್ಲಗಳೆದ ಸಂಸ್ಥೆಯು ಅಕ್ಟೋಬರಿನಲ್ಲಿ ಒಪ್ಪಿಕೊಂಡಿತು. ಅದಕ್ಕೆ ಅನುಮತಿ ಕೊಟ್ಟಿದ್ದ, ಕೆನಡಾದ ಮಾಂಟ್ರಿಯಲ್ ನಗರದ ಬಳಿ ಮೋಹಾಕ್ ಮೂಲನಿವಾಸಿಗಳ ನೆಲೆಯಾದ ಕಾನವಾಕೆಯ ಜೂಜಿನ ಆಯೋಗವು ೨೦೦೮ರ ಜನವರಿಯಲ್ಲಿ ೫ ಲಕ್ಷ ಡಾಲರುಗಳ ದಂಡವನ್ನು ವಿಧಿಸಿತು.

ಅದರ ಸೋದರಸಂಸ್ಥೆಯಾದ 'ಅಲ್ಟಿಮೇಟ್ ಬೆಟ್' ಎಂಬಲ್ಲಿಯೂ ಇದೇ ಬಗೆಯ ವಂಚನೆಯು ವರ್ಷಗಳಿಂದ ನಡೆದಿತ್ತೆಂಬುದು ಆಮೇಲೆ ಗೊತ್ತಾಯಿತು. ಒಬ್ಬ ಆಟಗಾರನ ಗೆಲುವುಗಳನ್ನು ಗಣಿತದಿಂದ ಪರೀಕ್ಷಿಸಿ, ಅದೃಷ್ಟವಾಗಲಿ ಚಾತುರ್ಯವಾಗಲಿ ಅಷ್ಟನ್ನು ಕೊಡಲಾರದೆಂದು ತೋರಿಸಿದವರೂ ಆಟಗಾರರೇ. ಮುಚ್ಚಿದ ಎಲೆಗಳನ್ನು ನೋಡುವ ಕಳ್ಳಗಿಂಡಿಯು ಆಟದ ಯಂತ್ರವ್ಯವಸ್ಥೆಯೊಳಗೇ ಇದ್ದಿತು. ನಷ್ಟವು ಸುಮಾರು ೨ ಕೋಟಿ ೨೦ ಲಕ್ಷ ಡಾಲರುಗಳಷ್ಟಿತ್ತೆಂದು ಆಯೋಗವು ನಿರ್ಣಯಿಸಿ, ೧೫ ಲಕ್ಷ ಡಾಲರುಗಳ ದಂಡವನ್ನು ಹಾಕಿತು. ಐಸ್‌ಲೆಂಡಿನ ಪ್ರಕರಣಕ್ಕೂ ಇವುಗಳಿಗೂ ದ್ರವ್ಯದಲ್ಲಿ ಅಜಗಜಾಂತರವುಂಟು, ಸ್ವರೂಪವೊಂದೇ. ಸತ್ಯವು ಸಂಸ್ಥೆಯ ಕಡತದಲ್ಲಿಯೇ ಇದ್ದಿತು. ಅದನ್ನು ಓದಬೇಕಾದವರು ಓದಲಿಲ್ಲ, ಅಥವಾ ಓದಿ ಸುಮ್ಮನಿದ್ದರು. ಹೊರಗಿನವರು ಬಾಗಿಲು ತಟ್ಟಿದ ಮೇಲೆಯೇ ಅದು ಹೊರಬಂದಿತು.

ರೇಕ್ಯಾವಿಕ್ ನಗರದ ಕಂಪನಿಯು ತನ್ನ ಪ್ರಕರಣದಿಂದ ಪಾಠ ಕಲಿತಿತೆಂಬುದನ್ನು ಒಪ್ಪತಕ್ಕದ್ದೇ. ನೌಕರರು ಆಟದಲ್ಲಿ ಮಾಡುವ ವ್ಯವಹಾರಗಳನ್ನು ಪರೀಕ್ಷಿಸಲು ಒಂದು ಪ್ರತ್ಯೇಕ ಒಳತನಿಖಾ ಶಾಖೆಯನ್ನು ತೆರೆಯಿತು. ಎಯೋಲ್ಫರ್ ಗುಡ್ಮುಂಡ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ೨೦೦೭ರಲ್ಲಿ ನೇಮಿಸಿಕೊಂಡು, ಆ ಕಲ್ಪಿತ ಪ್ರಪಂಚದ ಉತ್ಪತ್ತಿ ಮತ್ತು ಬೆಲೆಗಳ ವರದಿಗಳನ್ನು ಪ್ರಕಟಿಸಿತು. ಎಲ್ಲಕ್ಕಿಂತ ಹೊಸದಾದ ಕ್ರಮವೆಂದರೆ, ಆಟಗಾರರೇ ಮತವಿತ್ತು ಆರಿಸಿದ ಒಂದು ಪರಿಷತ್ತು. 'ಕೌನ್ಸಿಲ್ ಆಫ್ ಸ್ಟೆಲ್ಲರ್ ಮ್ಯಾನೇಜ್‌ಮೆಂಟ್', ಎಂದರೆ ನಕ್ಷತ್ರಾಡಳಿತ ಪರಿಷತ್ತು, ಎಂದು ಅದರ ಹೆಸರು. ಮೊದಲನೆಯ ಪರಿಷತ್ತಿನ ೯ ಮಂದಿ ಸದಸ್ಯರು ೨೦೦೮ರಲ್ಲಿ ಚುನಾಯಿತರಾಗಿ, ಜೂನ್ ತಿಂಗಳಿನಲ್ಲಿ ರೇಕ್ಯಾವಿಕ್ ನಗರಕ್ಕೆ ಹೋಗಿ ಕಂಪನಿಯವರೊಡನೆ ಎದುರುಬದುರಾಗಿ ಕುಳಿತು ಮಾತನಾಡಿದರು.

ಈ ಸಭೆಯು ನಡೆದ ನೆಲವೂ ಸ್ಮರಣೀಯವಾದುದು. ಕ್ರಿ.ಶ. ೯೩೦ರ ಸುಮಾರಿಗೆ ಐಸ್‌ಲೆಂಡಿನ ಜನರು ರಾಜನಿಲ್ಲದ ತಮ್ಮ ನಾಡಿಗೆ ಥಿಂಗ್‌ವೆಲ್ಲಿರ್ ಎಂಬ ಬಯಲಿನಲ್ಲಿ 'ಆಲ್ತಿಂಗ್' ಎಂಬ ಮಹಾಸಭೆಯನ್ನು ಸ್ಥಾಪಿಸಿದರು. ಶಾಸನಗಳು ಇನ್ನೂ ಬರಹಕ್ಕೆ ಇಳಿಯದಿದ್ದ ಆ ಕಾಲದಲ್ಲಿ ಧರ್ಮವಾಚಕನೊಬ್ಬನು ವರ್ಷಕ್ಕೆ ಮೂರರಲ್ಲೊಂದು ಪಾಲಿನಂತೆ ಇಡೀ ಶಾಸನವನ್ನು ಸಭೆಯ ಮುಂದೆ ಕಂಠಪಾಠವಾಗಿ ಹೇಳುತ್ತಿದ್ದನು. ಕೇಳುವವರೆಲ್ಲರಿಗೂ ಶಾಸನವು ತಿಳಿದಿರಬೇಕು, ಹೇಳುವವನು ಒಂದಕ್ಷರವನ್ನೂ ತನ್ನ ಅನುಕೂಲಕ್ಕೆ ತಿರುಚಬಾರದು ಎಂಬುದು ಅದರ ಫಲ. ವೇದಪಾಠದ ಘೋಷವನ್ನು ಕೇಳಿ ಬೆಳೆದ ಮನೆತನಗಳಿಗೆ ಈ ಕ್ರಮದ ಬೆಲೆಯನ್ನು ವಿವರಿಸಬೇಕಾದುದಿಲ್ಲ.

ಪರಿಷತ್ತು ಬಂದ ಮಾತ್ರಕ್ಕೆ ಆಟಗಾರರ ನಡುವಿನ ವಂಚನೆಯು ನಿಲ್ಲಲಿಲ್ಲ. ಅದು ನಿಲ್ಲಬೇಕೆಂಬುದು ಉದ್ದೇಶವೂ ಆಗಿರಲಿಲ್ಲ. ೨೦೦೯ರ ಫೆಬ್ರವರಿಯಲ್ಲಿ, ಹಿಂದೆ ನೌಕರನ ಕೃಪೆಗೆ ಪಾತ್ರವಾಗಿದ್ದ ಬ್ಯಾಂಡ್ ಆಫ್ ಬ್ರದರ್ಸ್ ಪಕ್ಷವನ್ನು ಅದರ ಮುಖ್ಯರಲ್ಲೊಬ್ಬನೇ ಶತ್ರುಪಕ್ಷಕ್ಕೆ ಸೇರಿ ಒಂದು ರಾತ್ರಿಯಲ್ಲಿ ವಿಸರ್ಜಿಸಿಬಿಟ್ಟನು. ಕಂಪನಿಯು ಅದನ್ನು ರದ್ದುಮಾಡಲಿಲ್ಲ. ಆಟದೊಳಗೆ ಹುಟ್ಟಿದ ಸೋಲು ಆಟದೊಳಗೇ ಉಳಿಯಿತು. ಅಧ್ಯಕ್ಷನು ತಟಸ್ಥನಾಗಿರುವಲ್ಲಿ ಎಂತಹ ಕಠಿಣವಾದ ಸೋಲನ್ನಾದರೂ ಸಭೆಯು ಒಪ್ಪುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಆದರೂ ಈ ಏರ್ಪಾಡು ನಿರ್ದುಷ್ಟವಾದುದಲ್ಲ. ಪರಿಷತ್ತಿಗೆ ಸಲಹೆ ಹೇಳುವ ಅಧಿಕಾರವುಂಟು, ಆಜ್ಞಾಪಿಸುವ ಅಧಿಕಾರವಿಲ್ಲ. ಕಂಪನಿಯ ರಹಸ್ಯಗಳನ್ನು ತಿಳಿಯುವುದಕ್ಕಾಗಿ ಸದಸ್ಯರು ಮೌನದ ಕರಾರಿಗೆ ಒಳಪಡಬೇಕು. ಇದರಿಂದೊದಗಿದ ತೊಡಕು ೨೦೧೯ರ ಏಪ್ರಿಲಿನಲ್ಲಿ ಕಾಣಿಸಿತು. ಪರಿಷತ್ತಿನ ಸದಸ್ಯನೊಬ್ಬನು ರಹಸ್ಯವನ್ನು ತನ್ನ ಮಿತ್ರರಿಗೆ ತಿಳಿಸಿ ಅವರಿಗೆ ಲಾಭಮಾಡಿಕೊಟ್ಟನೆಂದು ಆರೋಪಿಸಿ, ಕಂಪನಿಯು ಅವನನ್ನು ಶಾಶ್ವತವಾಗಿ ಬಹಿಷ್ಕರಿಸಿ ಲೋಕಕ್ಕೆಲ್ಲ ಸಾರಿತು. ವೃತ್ತಿಯಿಂದ ವಕೀಲನಾಗಿದ್ದ ಆತನು ನಿರಪರಾಧಿಯೆಂದು ವಾದಿಸಿದನು. ಕೆಲವು ವಾರಗಳೊಳಗೆ ಕಂಪನಿಯೇ ಪುನಃ ವಿಚಾರಣೆ ನಡೆಸಿ, ಆರೋಪಕ್ಕೆ ಆಧಾರವಿಲ್ಲವೆಂದು ಕಂಡು, ಕ್ಷಮೆ ಕೇಳಿ, ಬಹಿಷ್ಕಾರವನ್ನು ಹಿಂದಕ್ಕೆ ತೆಗೆದುಕೊಂಡಿತು. ೨೦೦೭ರಲ್ಲಿ ತನ್ನವನ ಮೇಲೆ ಮೃದುವಾಗಿದ್ದುದೂ ೨೦೧೯ರಲ್ಲಿ ಹೊರಗಿನವನ ಮೇಲೆ ದುಡುಕಿದುದೂ ಒಂದೇ ಕೊರತೆಯ ಎರಡು ಮುಖಗಳು. ಆರೋಪ ಹೊರಿಸುವವನು, ಸಾಕ್ಷ್ಯವನ್ನು ಕಾದಿಡುವವನು, ದಂಡಿಸುವವನು ಒಬ್ಬನೇ ಆದಲ್ಲಿ, ಪ್ರತಿವಾದಿಯ ಮಾತನ್ನು ಕೇಳುವುದು ಅವನ ಸೌಜನ್ಯಕ್ಕೆ ಬಿಟ್ಟ ವಿಷಯವಾಗುತ್ತದೆ.

ಇತರ ಕಡೆಗಳಲ್ಲಿಯೂ ಈ ರೋಗವು ತೀರಿಹೋಗಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಜ್ಯಾಗೆಕ್ಸ್ ಕಂಪನಿಯು ತನ್ನ 'ರೂನ್‌ಸ್ಕೇಪ್' ಎಂಬ ಆಟದಲ್ಲಿ, ಅಧಿಕಾರವನ್ನು ದುರುಪಯೋಗಪಡಿಸಿಕೊಂಡು ಆಟಗಾರರ ಖಾತೆಗಳಿಂದ ಸಂಪತ್ತು ಸಾಗುವಂತೆ ಮಾಡಿದ ನೌಕರನೊಬ್ಬನನ್ನು ೨೦೧೮ರ ಸೆಪ್ಟೆಂಬರಿನಲ್ಲಿ ಕೆಲಸದಿಂದ ತೆಗೆದು, ಸಂಗತಿಯನ್ನು ತಾನೇ ಪ್ರಕಟಿಸಿತು. ಹೊರಗಿನವರು ಬಯಲುಮಾಡುವವರೆಗೆ ಕಾಯದೆ ಒಡೆಯರೇ ಬಾಯಿಬಿಟ್ಟು ಹೇಳಿದುದು, ೨೦೦೭ಕ್ಕೆ ಹೋಲಿಸಿದರೆ, ಒಂದು ಹೆಜ್ಜೆ ಮುಂದೆ ಬಂದಂತೆಯೇ ಸರಿ.

ಭರತಖಂಡದಲ್ಲಿ ಈವರೆಗಿನ ಚರ್ಚೆಯು ಮುಖ್ಯವಾಗಿ ಹಣದ ಸುತ್ತ ನಡೆದಿದೆ. ಅಂತರ್ಜಾಲದ ಜೂಜನ್ನು ತಡೆಯಲು ಕರ್ನಾಟಕ ಸರ್ಕಾರವು ೨೦೨೧ರಲ್ಲಿ ತಂದ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರಾಜ್ಯದ ಉಚ್ಚನ್ಯಾಯಾಲಯವು ೨೦೨೨ರ ಫೆಬ್ರವರಿಯಲ್ಲಿ ಅಸಿಂಧುಗೊಳಿಸಿತು. ೨೦೨೫ರ ಆಗಸ್ಟಿನಲ್ಲಿ ಕೇಂದ್ರ ಸಂಸತ್ತು ಹಣವನ್ನೊಡ್ಡುವ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಹಣವು ಮನೆಗಳನ್ನು ಹಾಳುಮಾಡುವುದರಿಂದ ಆ ಚಿಂತೆಯು ಯುಕ್ತವೇ. ಆದರೆ ಹಣವನ್ನೊಡ್ಡದ ಆಟದಲ್ಲಿಯೂ ಮಕ್ಕಳು ತಮ್ಮ ಕಾಲವನ್ನೂ ಶ್ರಮವನ್ನೂ ಸ್ನೇಹವನ್ನೂ ಒಡ್ಡುತ್ತಾರೆ. ನಿಯಮವನ್ನು ಪಾಲಿಸಿದವನಿಗೆ ನ್ಯಾಯ ದೊರೆಯುವುದೆಂಬ ನಂಬಿಕೆಯನ್ನು ಅವರು ಮೊದಲು ಕಲಿಯುವುದು ಆಟದ ಬಯಲಿನಲ್ಲಿ. ಆ ಬಯಲು ಈಗ ಯಾರದೋ ದೂರದೇಶದ ಯಂತ್ರದೊಳಗೆ ಇರುವುದಾದರೆ, ಅದರ ಒಡೆಯನ ನಡತೆಯು ಮನೆಯ ಹಿರಿಯರಿಗೂ ಸಂಬಂಧಿಸಿದ ವಿಷಯವೇ ಆಗಿದೆ.

ಹುಡುಗನು ಎಷ್ಟು ಹೊತ್ತು ಆಡಿದನೆಂದು ವಿಚಾರಿಸುವ ಹಿರಿಯರು ಇನ್ನೂ ಕೆಲವು ಸಂಗತಿಗಳನ್ನು ವಿಚಾರಿಸಬಹುದು. ಆ ಆಟವನ್ನು ನಡೆಯಿಸುವವರ ನೌಕರರೂ ಅದರಲ್ಲಿ ಆಡುತ್ತಾರೆಯೆ? ಆಡಿದರೆ ಅವರ ಲೆಕ್ಕವನ್ನು ನೋಡುವವರು ಬೇರೆಯವರೆ? ಅನ್ಯಾಯವಾಯಿತೆಂದು ದೂರಿದವನ ಮಾತಿಗೆ ಕಾರಣಸಹಿತವಾದ ಉತ್ತರ ಬರುವುದೆ? ಕುರುಸಭೆಯಲ್ಲಿ ದ್ರೌಪದಿಯು ಕೇಳಿದ ಪ್ರಶ್ನೆಯು ಧರ್ಮಶಾಸ್ತ್ರದ ಸೂಕ್ಷ್ಮದ್ದಾಗಿದ್ದರೂ, ಅದನ್ನು ಅವಳು ಕೇಳಿದ್ದು ಸಭೆಯನ್ನು, ಶಕುನಿಯನ್ನಲ್ಲ. ಅಂದು ಭೀಷ್ಮದ್ರೋಣರಂಥವರೂ ನೇರವಾದ ಉತ್ತರವನ್ನು ಕೊಡದೆ ಹೋದರು. ಆ ಮೌನದ ಬೆಲೆಯನ್ನು ತೆರಲು ಹದಿನೆಂಟು ಅಕ್ಷೌಹಿಣಿಗಳು ಸಾಲಬೇಕಾಯಿತು.